ಕಾಕನ ಕೊರಳಿನ ಗುರುತಿನ ಚೀಟಿ

ಕಳೆದ ತಿಂಗಳು ಒಂದು ಸಂಜೆ, ಸೌದಿಯ ದಮಾಮಿನಲ್ಲಿ ನಾನಿರುವ ಕಟ್ಟಡದ ಲಿಫ್ಟ್ ಹತ್ತಿದ್ದೆ. ಒಂದು ಕೈಯಲ್ಲಿ ಸೂಪರ್‌ಮಾರ್ಕೆಟ್‌ನಿಂದ ತಂದ ಮೀನಿನ ಚೀಲ, ಇನ್ನೊಂದರಲ್ಲಿ ಕಿವಿಗೆ ಹಿಡಿದ ಫೋನು. ಊರಿನಲ್ಲಿರುವ ತಂಗಿಯೊಡನೆ ಮಾತನಾಡುತ್ತಿದ್ದೆ. ಮೊದಲ ಮಹಡಿಯಲ್ಲಿ ಬಾಗಿಲು ತೆರೆದು ವಯಸ್ಸಾದ ಸೌದಿ ಗೃಹಸ್ಥರೊಬ್ಬರು ಒಳಗೆ ಬಂದರು. ಬಿಳಿ ನಿಲುವಂಗಿಯನ್ನು ಆಗಷ್ಟೇ ಧೂಪಕ್ಕೆ ಹಿಡಿದಿದ್ದಿರಬೇಕು, ಊದಿನ ಪರಿಮಳ ಲಿಫ್ಟಿನ ತುಂಬ ಹರಡಿತು. ಚೀಲದೊಳಗಿನ ಹಸಿ ಮೀನಿನ ವಾಸನೆಯೊಂದಿಗೆ ಅದು ಬೆರೆಯಿತು. ಮೀನು ಮತ್ತು ಊದು... ಆ ಎರಡನ್ನೂ ಒಟ್ಟಿಗೆ ನಾನು ಒಂದೇ ಕಡೆ ಮೂಸಿದ್ದು, ಒಬ್ಬರೇ ಮನುಷ್ಯರ ಹತ್ತಿರ.

ಇನ್ನೊಂದು ಸಂಗತಿ ಗಮನಕ್ಕೆ ಬಂದದ್ದು ನಾಲ್ಕನೆಯ ಮಹಡಿಯಲ್ಲಿ ಇಳಿದ ಮೇಲೆ. ಆ ಗೃಹಸ್ಥರು ಒಳಗೆ ಕಾಲಿಟ್ಟಾಗಲೇ ನಾನು ಮಾತು ನಿಲ್ಲಿಸಿಬಿಟ್ಟಿದ್ದೆ. ತಂಗಿ ಆಚೆಯಿಂದ "ಹಲೋ, ಹಲೋ" ಎನ್ನುತ್ತಲೇ ಇದ್ದಳು.

ಆ ವಾಸನೆ ನೆನಪಿಸಿದ ಮನುಷ್ಯರನ್ನು ನಾವು ಕಾಕ ಎನ್ನುತ್ತಿದ್ದೆವು. ದಮಾಮಿನ ಪಕ್ಕದ ಖತೀಫಿನ ಮೀನು ಮಾರುಕಟ್ಟೆಯಲ್ಲಿ ಅವರದ್ದೊಂದು ಕಟ್ಟೆ ಇತ್ತು. ಹತ್ತು ವರ್ಷಗಳ ಹಿಂದಿನ ಮಾತು, ಹನ್ನೊಂದಿದ್ದರೂ ಇರಬಹುದು. ನಾನು ಓದಿದ್ದು ಸಂಖ್ಯಾಶಾಸ್ತ್ರ. ಸಾಕ್ಷ್ಯವಿಲ್ಲದೆ ಯಾವುದನ್ನೂ ನಂಬಬಾರದು ಎಂದು ಎರಡು ವರ್ಷ ಕಲಿಸಿ ಕಳಿಸಿದ್ದರು. ಹಾಗಾಗಿ ಇದನ್ನು ಬರೆಯುವಾಗ ಪ್ರತಿ ಸಾಲಿಗೂ ಅನುಮಾನ ಕಾಡುತ್ತಿದೆ. ಅವರು ನಮ್ಮೊಡನೆ ಆಡುತ್ತಿದ್ದದ್ದು ಮಂಗಳೂರು ಕಡೆಯ ನಮ್ಮ ಮನೆಮಾತಾದ ಬ್ಯಾರಿ ಭಾಷೆ, ನಾನು ಬರೆಯುತ್ತಿರುವುದು ಕನ್ನಡ. ಅಲ್ಲಿಗೇ ಅವರ ಮಾತು ಅರ್ಧ ಬದಲಾಗಿ ಹೋಯಿತು.

ಆಗ ಪ್ರತಿ ಶುಕ್ರವಾರ ಬೆಳಿಗ್ಗೆ ನಾನೂ ನನ್ನ ರೂಮ್‌ಮೇಟೂ ಮೀನಿಗೆಂದು ಖತೀಫಿಗೆ ಹೋಗುತ್ತಿದ್ದೆವು. ರೂಮ್‌ಮೇಟ್ ಬಂಟ್ವಾಳದ ಕಡೆಯವನು, ಯಾರನ್ನಾದರೂ ಕೆಣಕದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ. ಮೊದಲ ಸಲ ಆ ಕಟ್ಟೆಯ ಮುಂದೆ ನಿಂತಾಗ ಅವನು ನನ್ನ ಕಿವಿಯಲ್ಲಿ, "ಈ ಮುದುಕನ ಹತ್ತಿರ ಬೇಡ. ನಿನ್ನೆಯ ಮೀನಿಗೆ ಇವತ್ತು ನೀರು ಚಿಮುಕಿಸಿದ್ದಾನೆ" ಎಂದ.

ಮುದುಕರು ಕತ್ತು ಎತ್ತಲಿಲ್ಲ. ಒಂದು ಮೀನಿನ ಕಿವಿರನ್ನು ಬೆರಳಿನಿಂದ ಎತ್ತಿ, ಕೆಂಪಗಿದ್ದದ್ದನ್ನು ತೋರಿಸಿ, ನಮ್ಮದೇ ಭಾಷೆಯಲ್ಲಿ ಹೇಳಿದರು: "ನಿನ್ನೆಯದ್ದು ಮೀನಲ್ಲ ಮಾರಾಯ, ನಿನ್ನ ಕಣ್ಣು. ತೊಳ್ಕೊಂಡು ಬಂದು ನೋಡು."

ರೂಮ್‌ಮೇಟ್ ನಾಚಿಕೆಯಿಂದ ಬೇಕಾದ್ದಕ್ಕಿಂತ ಎರಡು ಕಿಲೋ ಹೆಚ್ಚು ಕೊಂಡ.

ಅವರು ಸೌದಿ ಪ್ರಜೆ. ಹುಟ್ಟಿದ್ದು ಆ ಕರಾವಳಿಯಲ್ಲೇ. ಅವರ ತಂದೆ ಹಡಗಿನವರು. ಹಂಚು, ಮರ ತುಂಬಿಸಲು ಮಂಗಳೂರಿನ ಬಂದರಿಗೆ ಬರುತ್ತಿದ್ದವರು, ಅಲ್ಲಿಯ ಹುಡುಗಿಯನ್ನು ಮದುವೆಯಾಗಿ ಕರೆತಂದಿದ್ದರು. ಆ ತಾಯಿ ಮತ್ತೆ ಊರು ನೋಡಲಿಲ್ಲ. ಮಗನೊಡನೆ ಮಾತ್ರ ತನ್ನ ಭಾಷೆಯಾಡಿದರು. ಆದ್ದರಿಂದ ಕಾಕನ ಬ್ಯಾರಿ ಪೂರ್ತಿ ಹೆಂಗಸರ ಬ್ಯಾರಿ, ಅದೂ ಹಳೆಯ ಕಾಲದ್ದು. ಎದೆಯ ತನಕ ಗಡ್ಡ ಬಿಟ್ಟವರ ಬಾಯಲ್ಲಿ ಅಡುಗೆಮನೆಯ ಗೊಣಗಾಟ ಕೇಳಿದ ಹಾಗಿರುತ್ತಿತ್ತು.

"ಕಾಕ, ನೀವು ಮಾತಾಡಿದ್ರೆ ನನ್ನ ಅಜ್ಜಿ ಬಯ್ದ ಹಾಗೆ ಆಗ್ತದೆ," ಎಂದು ರೂಮ್‌ಮೇಟ್ ರೇಗಿಸುತ್ತಿದ್ದ.

"ಅಜ್ಜಿ ಸರಿಯಾಗಿ ಬಯ್ದಿದ್ರೆ ನೀನು ಇಷ್ಟು ಹಾಳಾಗ್ತಿರ್ಲಿಲ್ಲ," ಎಂದು ಅವರು ಅಷ್ಟೇ ಬೇಗ ತಿರುಗಿಸುತ್ತಿದ್ದರು.

ಅವರ ಹೆಂಡತಿ ಮಕ್ಕಳಿಗೆ ಅರಬಿ ಮಾತ್ರ ಬರುತ್ತಿತ್ತು. ತಾಯಿ ತೀರಿದ ಮೇಲೆ ಆ ಭಾಷೆ ಆಡಲು ಅವರಿಗೆ ಸಿಗುತ್ತಿದ್ದದ್ದು ಶುಕ್ರವಾರದ ನಮ್ಮಂಥ ಗಿರಾಕಿಗಳು ಮಾತ್ರ. ಕಟ್ಟೆಯ ಮೂಲೆಯಲ್ಲಿ, ಐಸಿನ ರಾಶಿಯ ಪಕ್ಕದಲ್ಲೇ, ಒಂದು ಪುಟ್ಟ ಧೂಪದ ಗೂಡಿಟ್ಟು ಊದಿನ ಚೂರು ಸುಡುತ್ತಿದ್ದರು. ಮೀನಿನ ನಾತಕ್ಕೆ ಎನ್ನುತ್ತಿದ್ದರು. ಅಂಜಲ್ ಮೀನನ್ನು ತುಂಡು ಮಾಡಿ ತೂಗಿದ ನಂತರ ತಲೆಯನ್ನು ಬೇರೆಯಾಗಿ ಚೀಲಕ್ಕೆ ಹಾಕುತ್ತಿದ್ದರು, ಕೇಳದೆಯೇ. "ತಲೆ ಇಲ್ಲದೆ ಎಂತ ಸಾರು? ಉಮ್ಮ ಇದ್ದಿದ್ರೆ ಚೀಲ ಸಮೇತ ನಿಮ್ಮನ್ನು ವಾಪಸ್ ಕಳಿಸ್ತಿದ್ರು."

ಇದು ಸುಮಾರು ಒಂದೂವರೆ ವರ್ಷ ನಡೆಯಿತು.

ಆಮೇಲೆ ಹೊರದೇಶದವರ ಕಾಗದಪತ್ರಗಳ ಚೆಕಿಂಗ್ ಶುರುವಾಯಿತು. ಮೊದಲು ಬಂದದ್ದು ಸುದ್ದಿ ಮಾತ್ರ. ಯಾವುದೋ ಕ್ಷೌರದಂಗಡಿಗೆ ಬೀಗ, ಯಾವುದೋ ಕಟ್ಟಡದಿಂದ ಒಂದು ಬಸ್ಸಿನಷ್ಟು ಜನ. ನಂತರ ನಾವು ಮುಖ ಕಂಡಿದ್ದವರೇ ಕಾಣದಾದರು. ನಮ್ಮ ಓಣಿಯ ಚಹದಂಗಡಿಯವನು ಒಂದು ಬೆಳಿಗ್ಗೆ ಇರಲಿಲ್ಲ, ಒಲೆಯ ಮೇಲೆ ಹಾಲಿನ ಪಾತ್ರೆ ಹಾಗೆಯೇ ಇತ್ತು. ಮೀನು ಮಾರುಕಟ್ಟೆಯ ಕಟ್ಟೆಗಳಲ್ಲಿ ಸೌದಿಗಳೇ ಮಾರಬೇಕು, ಹೊರದೇಶದವರು ಮಾರುವಂತಿಲ್ಲ ಎಂಬ ನಿಯಮ ಬಿಗಿಯಾಯಿತು. ತಪಾಸಣೆಯವರು ಸಾದಾ ಬಟ್ಟೆಯಲ್ಲಿ ಬರುತ್ತಾರೆ, ಗಿರಾಕಿಗಳ ಹಾಗೆ ನಿಂತು ಮಾತು ಕೇಳಿಸಿಕೊಳ್ಳುತ್ತಾರೆ, ಯಾರ ಬಾಯಿಂದ ಯಾವ ಭಾಷೆ ಬಂತೆಂದು ನೋಡಿ ಹಿಡಿಯುತ್ತಾರೆ ಎಂದು ಜನ ಹೇಳತೊಡಗಿದರು. ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಯಾರೋ ಬರೆದರು: "ಹೊರಗೆ ನಮ್ಮ ಭಾಷೆ ಬೇಡ. ಅರಬಿ ಬಾರದಿದ್ದರೆ ಸುಮ್ಮನಿರಿ."

ಇದಕ್ಕೆ ಆಧಾರವೇನು ಎಂದು ನಾನು ವಾದಿಸಿದೆ. ಎಷ್ಟು ಜನರನ್ನು ಹಿಡಿದರು, ಅವರಲ್ಲಿ ಮಾತಿನಿಂದ ಸಿಕ್ಕವರೆಷ್ಟು, ಲೆಕ್ಕ ಇಟ್ಟವರು ಯಾರು? ವಾದಿಸಿ ಹೊರಗೆ ಬಂದವನು ಬಸ್ಸಿನಲ್ಲಿ ತುಟಿ ಬಿಚ್ಚಲಿಲ್ಲ. ಇಡೀ ಬಸ್ಸೇ ಮಾತಾಡುತ್ತಿರಲಿಲ್ಲ. ಫೋನು ರಿಂಗಾದರೆ ಎಲ್ಲರೂ ಆ ಕಡೆ ತಿರುಗುತ್ತಿದ್ದರು, ಕೆಮ್ಮಿದವನನ್ನು ನೋಡುವ ಹಾಗೆ.

ನನಗೆ ಹೆದರಲು ಸರಿಯಾದ ಕಾರಣವೇ ಇತ್ತು. ದಹ್ರಾನಿನ ಕಚೇರಿಯೊಂದರಲ್ಲಿ ಪೈಪುಗಳ ಪರೀಕ್ಷಾ ವರದಿ ತಯಾರಿಸುತ್ತಿದ್ದೆ. ಆದರೆ ನನ್ನ ಇಕಾಮಾದಲ್ಲಿ, ಅಂದರೆ ಇಲ್ಲಿ ಇರಲು ಕೊಡುವ ಪರವಾನಗಿ ಚೀಟಿಯಲ್ಲಿ, ಪ್ಲಂಬರ್ ಎಂದು ಬರೆದಿತ್ತು. ವೀಸಾ ಕೊಟ್ಟ ಕಫೀಲ್ ಒಬ್ಬ, ಕೆಲಸ ಕೊಟ್ಟವರು ಬೇರೆ. ಸಿಕ್ಕಿಬಿದ್ದರೆ ಊರಿಗೆ ವಾಪಸ್, ಮತ್ತೆ ಬರುವ ಹಾಗಿಲ್ಲ. ಆ ವರ್ಷ ತಂಗಿಯ ಮದುವೆ ಗೊತ್ತಾಗಿತ್ತು.

ಕಾಕನಿಗೂ ಹೇಳಿ ನೋಡಿದೆವು. "ಕಾಕ, ಸ್ವಲ್ಪ ದಿನ ಅರಬಿಯಲ್ಲೇ ಮಾತಾಡುವ," ಎಂದ ರೂಮ್‌ಮೇಟ್, ಪಿಸುಮಾತಿನಲ್ಲಿ.

ಅವರು ಇನ್ನೂ ಗಟ್ಟಿಯಾಗಿ ನಕ್ಕರು. "ಹೆದರಿಕೆ ನಿಮಗೆ, ನನಗೆಂತ? ನನ್ನ ಊರಲ್ಲಿ ನನ್ನ ಉಮ್ಮನ ಮಾತು ಆಡ್ಲಿಕ್ಕೆ ನಾನು ಯಾರ ಪರ್ಮಿಷನ್ ಕೇಳ್ಬೇಕು?"

ಇಡೀ ಮಾರುಕಟ್ಟೆಯಲ್ಲಿ ಆಗ ಗಟ್ಟಿಯಾಗಿ ನಮ್ಮ ಭಾಷೆ ಆಡುತ್ತಿದ್ದವರು ಅವರೊಬ್ಬರೇ ಇರಬೇಕು.

ಮುಂದಿನ ಶುಕ್ರವಾರವೋ ಅದರ ಮುಂದಿನದ್ದೋ... ಬೆಳಿಗ್ಗೆ ಒಂಬತ್ತರ ಸುಮಾರಿಗೆ ಹೋಗಿದ್ದೆವು. ಹೊಸ ಬೋಟಿನ ಮೀನು ಬಂದಿದ್ದರಿಂದ ಅಕ್ಕಪಕ್ಕದ ಕಟ್ಟೆಯವರು ಹರಾಜಿನ ಕಡೆಗೆ ಹೋಗಿದ್ದರು. ಕಾಕ ಎಂದಿನಂತೆ ಹಳೆಯ ಬನಿಯನ್, ಪ್ಲಾಸ್ಟಿಕ್ ಏಪ್ರನ್, ರಬ್ಬರ್ ಬೂಟು ಹಾಕಿಕೊಂಡಿದ್ದರು. ಅವರ ಬಿಳಿ ನಿಲುವಂಗಿ, ಜೇಬಿನಲ್ಲಿ ಗುರುತಿನ ಚೀಟಿ ಸಮೇತ, ಹೊರಗೆ ಪಿಕಪ್ಪಿನಲ್ಲಿತ್ತು. ಮೀನು ತೊಳೆದು ಕೊಡುವ ಬಂಗಾಳಿ ನೀರಿನ ನಲ್ಲಿಯ ಹತ್ತಿರ ಕುಳಿತಿದ್ದ.

"ತಲೆ ಎರಡು ಹೋಳು ಮಾಡ್ಲಾ, ನಾಲ್ಕಾ?" ಎಂದು ಕಾಕ ಕೇಳಿದರು.

ಪಕ್ಕದ ಖಾಲಿ ಕಟ್ಟೆಯ ಮುಂದೆ ಇಬ್ಬರು ನಿಂತಿದ್ದದ್ದನ್ನು ನಾನು ನೋಡಿದ್ದೆ. ನಿಂತಿದ್ದರು, ಆದರೆ ಮೀನು ನೋಡುತ್ತಿರಲಿಲ್ಲ. ನಾನು ಅರಬಿಯಲ್ಲಿ, ಸರಿ ಸರಿ, ಹೇಗಾದರೂ ಮಾಡಿ ಎಂದೆ.

"ಇದೆಂತ ಅರಬಿ ಮಾರಾಯ, ನನ್ನ ಕಿವಿ ಹಾಳಾಗ್ತದೆ! ಬಾಯಲ್ಲಿ ನಾಲಿಗೆ ಇಲ್ವಾ? ನಮ್ಮದರಲ್ಲಿ ಹೇಳು!"

ಇಬ್ಬರೂ ಹತ್ತಿರ ಬಂದರು. ಮುಂದೆ ಇದ್ದವನು ಎಳೆಯ ವಯಸ್ಸಿನವನು, ಮಾತಿನ ಧಾಟಿ ದೂರದ ಒಳನಾಡಿನ ಬುರೈದಾ ಕಡೆಯದ್ದಿರಬೇಕು. ಇಕಾಮಾ ಎಲ್ಲಿ ಎಂದು ಕಾಕನನ್ನು ಕೇಳಿದ.

ಕಾಕನಿಗೆ ನಗು ಬಂತು. "ಯಾರ ಇಕಾಮಾ, ಮಗನೇ? ನಾನು ಸೌದಿ."

"ಈಗ ಆಡಿದ್ದು ಯಾವ ಭಾಷೆ?"

"ನನ್ನ ಉಮ್ಮನದ್ದು."

"ಉಮ್ಮ ಎಲ್ಲಿಯವಳು?"

"ಹಿಂದ್‌ನವಳು."

"ಹಾಗಾದರೆ ನೀನು ಎಲ್ಲಿಯವನು?"

ಕಾಕನ ನಗು ಆಗ ನಿಂತಿತು. ಚೀಟಿ ಪಿಕಪ್ಪಿನಲ್ಲಿದೆ, ಬಂದು ನೋಡು ಎಂದರು. ಪಿಕಪ್ಪಿನ ತನಕ ಎಂದು ಹೇಳಿ ಓಡಿದವರನ್ನು ಬೇಕಾದಷ್ಟು ನೋಡಿದ್ದೇವೆ ಎಂದ ಅವನು. ಅವರು ತಮ್ಮ ಗುರುತಿನ ಸಂಖ್ಯೆಯನ್ನು ಬಾಯಿಪಾಠ ಒಪ್ಪಿಸಿದರು. ಅದನ್ನು ಠಾಣೆಗೆ ಬಂದು ಹೇಳು ಎಂದ. ನನ್ನ ಅರಬಿ ಕೇಳು, ನಿನ್ನದಕ್ಕಿಂತ ಹಳೆಯದು ಎಂದರು. ಮೂವತ್ತು ವರ್ಷ ಮೀನು ಮಾರಿದವನಿಗೆ ಅರಬಿ ಬಾರದೆ ಇರುತ್ತದೆಯೇ ಎಂದ.

ಆಮೇಲೆ ನನ್ನ ಇಕಾಮಾ ಕೇಳಿದ. ಕೊಟ್ಟೆ. ಅದನ್ನು ಓದಿದ. ನನ್ನ ಇಸ್ತ್ರಿ ಮಾಡಿದ ಅಂಗಿಯನ್ನೂ ಜೇಬಿನ ಪೆನ್ನನ್ನೂ ನೋಡಿ "ಪ್ಲಂಬರ್?" ಎಂದ. ಚೀಟಿಯನ್ನು ಎರಡು ಬೆರಳ ನಡುವೆ ಹಿಡಿದುಕೊಂಡೇ, ಕಾಕನ ಕಡೆ ಗಲ್ಲ ತೋರಿಸಿ ಕೇಳಿದ: "ಹಾದಾ ಹಿಂದೀ?"

ಇವನು ಇಂಡಿಯನ್ನಾ?

ಇಲ್ಲಿಂದ ನನ್ನ ನೆನಪು ಕೆಲಸ ಮಾಡುವುದಿಲ್ಲ. ಧೂಪದ ಹೊಗೆ ನೆಟ್ಟಗೆ ಮೇಲೇಳುತ್ತಿದ್ದದ್ದು ನೆನಪಿದೆ. ಹಲಗೆಯ ಮೇಲೆ ಅಂಜಲಿನ ತಲೆ ಇತ್ತು, ಕತ್ತಿ ಅದರಲ್ಲಿ ಅರ್ಧ ಇಳಿದಿತ್ತು. ನಾನು ಮಾತಾಡಲಿಲ್ಲ, ಅದು ಖಂಡಿತ. ಇಕಾಮಾ ನನ್ನ ಕೈಗೆ ವಾಪಸ್ ಬಂತು. ಕಾಕ ನನ್ನ ಮುಖ ನೋಡಿದರು. ಏಪ್ರನ್ ಬಿಚ್ಚಲೂ ಬಿಡದೆ ಅವರನ್ನು ಕರೆದುಕೊಂಡು ಹೋದರು. ರಬ್ಬರ್ ಬೂಟಿನ ಸದ್ದು ಬಾಗಿಲಿನ ತನಕ ಕೇಳಿಸುತ್ತಿತ್ತು.

ಇವರು ನಿಮ್ಮವರೇ, ಪಿಕಪ್ಪಿನಲ್ಲಿ ಒಮ್ಮೆ ನೋಡಿ ಎಂದು ಹೇಳಲು ನನ್ನ ಅರಬಿ ಧಾರಾಳ ಸಾಕಾಗುತ್ತಿತ್ತು.

ನಾವು ಮತ್ತೆ ಹೋದದ್ದು ಮೂರು ವಾರ ಬಿಟ್ಟು. ಕಾಕ ಕಟ್ಟೆಯಲ್ಲಿದ್ದರು. ಮೂರು ದಿನ ಕೂರಿಸಿ ಬಿಟ್ಟರಂತೆ ಎಂದರು ಜನ, ಒಂದೇ ರಾತ್ರಿ ಎಂದೂ ಹೇಳಿದರು. ಯಾವುದು ನಿಜವೋ ಗೊತ್ತಿಲ್ಲ. ಕಣ್ಣಾರೆ ಕಂಡದ್ದು ಇಷ್ಟು: ಮೀನಿನ ನೀರು ಸಿಡಿಯುವ ಆ ಜಾಗದಲ್ಲಿ ಅವರು ಬಿಳಿ ನಿಲುವಂಗಿ ತೊಟ್ಟು ನಿಂತಿದ್ದರು. ತಲೆಗೆ ಸೌದಿಗಳು ಹಾಕುವ ರುಮಾಲು. ಪ್ಲಾಸ್ಟಿಕ್ ಕವರಿಗೆ ಹಾಕಿದ ಗುರುತಿನ ಚೀಟಿಯನ್ನು ದಾರದಲ್ಲಿ ಕೊರಳಿಗೆ ಕಟ್ಟಿಕೊಂಡಿದ್ದರು, ಫೋಟೋ ಎದುರಿಗೆ ಬರುವ ಹಾಗೆ. ಬಗ್ಗಿದಾಗಲೆಲ್ಲ ಅದು ಐಸಿನ ಮೇಲೆ ತಾಗುತ್ತಿತ್ತು.

"ಕಾಕ," ಎಂದೆ, ಬ್ಯಾರಿಯಲ್ಲಿ. "ಹೇಗಿದ್ದೀರಿ?"

ಅವರು ಮೀನು ತೂಗಿದರು, ತುಂಡು ಮಾಡಿದರು. ನಂತರ ಕತ್ತಿಯನ್ನು ತಡೆದು ಹಿಡಿದು ಅರಬಿಯಲ್ಲಿ ಕೇಳಿದರು: "ತಲೆ ಸಮೇತವೋ, ತಲೆ ಬಿಟ್ಟೋ?"

ಗೊತ್ತಿಲ್ಲದ ಗಿರಾಕಿಯನ್ನು ಕೇಳುವ ಪ್ರಶ್ನೆ ಅದು. ನಾನು ಅರಬಿಯಲ್ಲೇ, ತಲೆ ಬೇಡ ಎಂದೆ.

ಆಮೇಲೆ ನಾನು ಖತೀಫಿಗೆ ಹೋಗುವುದನ್ನು ಬಿಟ್ಟೆ. ರೂಮ್‌ಮೇಟ್ ಊರಿಗೆ ಹೋಗಿ ಈಗ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಈ ಮಾತು ಎತ್ತಿದಾಗಲೆಲ್ಲ ಅವನದು ಒಂದೇ ಉತ್ತರ: "ನಿನ್ನತ್ರ ಅವನು ಎಂತದೂ ಕೇಳ್ಲೇ ಇಲ್ಲ ಮಾರಾಯ. ಇಕಾಮಾ ನೋಡಿದ, ಕೊಟ್ಟ. ಓದಿ ಓದಿ ನಿನ್ನ ತಲೆ ಕೆಟ್ಟಿದೆ." ಅವನು ನನ್ನ ಪಕ್ಕದಲ್ಲೇ ನಿಂತಿದ್ದವನು. ಅವನ ಮಾತನ್ನು ತಳ್ಳಿಹಾಕಲು ನನ್ನಲ್ಲಿ ಆಧಾರವಿರಲಿಲ್ಲ. ಕಾಕ ಆ ಘಟನೆಯ ನಂತರ ಯಾರೊಡನೆಯೂ ಬ್ಯಾರಿ ಆಡುತ್ತಿರಲಿಲ್ಲವಂತೆ, ನನ್ನೊಬ್ಬನ ಮೇಲಿನ ಸಿಟ್ಟೇನಲ್ಲ ಎಂದೂ ಅವನೇ ಸಮಾಧಾನ ಹೇಳಿದ್ದ. ಇಷ್ಟು ವರ್ಷ ಅದರ ಮೇಲೆಯೇ ದಿನ ದೂಡಿದೆ.

ಲಿಫ್ಟಿನ ಆ ವಾಸನೆ ನನ್ನನ್ನು ಸುಮ್ಮನೆ ಬಿಡಲಿಲ್ಲ. ಕಳೆದ ಶುಕ್ರವಾರ ಹೋಗಿ ನೋಡಿದೆ. ಕಾಕನ ಕಟ್ಟೆಯಲ್ಲಿ ಬೇರೆ ಯಾರೋ ಇದ್ದರು. ನಲ್ಲಿಯ ಹತ್ತಿರ ಅದೇ ಬಂಗಾಳಿ, ಗಡ್ಡ ಬೆಳ್ಳಗಾಗಿತ್ತು. ಕಾಕ ತೀರಿಹೋಗಿ ಎರಡು ವರ್ಷವಾಯಿತು ಎಂದು ಹಿಂದಿಯಲ್ಲಿ ಹೇಳಿದ. ಸಕ್ಕರೆ ಕಾಯಿಲೆ. ಕೊನೆಯ ತನಕ ಆ ಚೀಟಿಯನ್ನು ಕೊರಳಿನಿಂದ ತೆಗೆದಿರಲಿಲ್ಲವಂತೆ, ಚಹ ಕುಡಿಯಲು ಹೋಗುವಾಗ ಕೂಡ.

ನನಗೆ ತಡೆಯಲಾಗಲಿಲ್ಲ. ಅವರನ್ನು ಹಿಡಿದ ದಿನ ನಾನು ಇಲ್ಲೇ ಇದ್ದೆ, ನೆನಪಿದೆಯೇ ಎಂದೆ.

ಅವನು ಮೀನಿನ ಪೊರೆ ಉಜ್ಜುವುದನ್ನು ನಿಲ್ಲಿಸಲಿಲ್ಲ. "ನೆನಪಿದೆ ಭಾಯ್. ನೀವು ಏನೂ ಮಾತಾಡಲಿಲ್ಲ."

ನನ್ನ ಎದೆ ಹಗುರಾಯಿತು. ಒಂದು ಕ್ಷಣ ಅಷ್ಟೇ.

"ಹೂಂ ಅಂತ ತಲೆ ಆಡಿಸಿದ್ರಿ," ಎಂದ. ದೂರುವ ದನಿಯಲ್ಲಲ್ಲ. ನೀರು ಬಿಸಿ ಇದೆ ಎಂದು ಹೇಳುವ ಹಾಗೆ.

ಬಂಗಾಳಿ ಕುಳಿತಿದ್ದ ಜಾಗದಿಂದ ನನ್ನ ಬೆನ್ನು ಮಾತ್ರ ಕಾಣುತ್ತದೆ, ಹತ್ತು ವರ್ಷದ ಹಿಂದಿನ ನೆನಪು, ಅವನಿಗೆ ಬೇರೆ ಯಾರದ್ದೋ ಜೊತೆ ಗೊಂದಲವಾಗಿರಬಹುದು... ದಮಾಮಿನ ತನಕ ಟ್ಯಾಕ್ಸಿಯಲ್ಲಿ ಇದನ್ನೇ ಜೋಡಿಸಿಕೊಳ್ಳುತ್ತಾ ಬಂದೆ. ಮಡಿಲಲ್ಲಿ ಮೀನಿನ ಚೀಲವಿತ್ತು. ಈ ಸಲ ತಲೆಯನ್ನೂ ಕೇಳಿ ಹಾಕಿಸಿಕೊಂಡಿದ್ದೆ.

ಲಿಫ್ಟಿನಲ್ಲಿ ಅದೇ ವಯಸ್ಸಾದ ಗೃಹಸ್ಥರಿದ್ದರು, ಅದೇ ಊದಿನ ಪರಿಮಳ. ಚೀಲ ನೋಡಿ ಮುಗುಳ್ನಕ್ಕರು. ಒಳ್ಳೆಯ ಮನುಷ್ಯರಿರಬೇಕು, ಸುಮ್ಮನೆ ಮಾತಿಗೆಂದು ಕೇಳಿದರು:

"ಹಿಂದೀ?"

ಎದುರಿಗೆ, ಲಿಫ್ಟಿನ ಗೋಡೆಯಗಲದ ಕನ್ನಡಿ. ಅದರಲ್ಲಿ ನನ್ನ ತಲೆ ಆಗಲೇ ಆಡುತ್ತಿತ್ತು. ಪ್ರಶ್ನೆ ನನಗಿನ್ನೂ ಪೂರ್ತಿ ಕೇಳಿಸಿರಲೂ ಇಲ್ಲ.