ಆರ್ಮುಗಂ ಮೇಸ್ತ್ರಿಯ ಎರಡಡಿ ಸ್ಕೇಲು

ಮೊದಲ ದಿನ ನಮ್ಮ ಕೈಗೆ ಕೊಟ್ಟದ್ದು ಒಂದು ದೊಡ್ಡ ಹಾಳೆ ಮತ್ತು ಒಂದು ತುಂಡು ಇದ್ದಿಲು. ಎಲ್ಲೂ ಬಿಳಿ ಉಳಿಯದ ಹಾಗೆ ಹಾಳೆಗೆ ಮಸಿ ಬಳಿಯಬೇಕು. ಆಮೇಲೆ ರಬ್ಬರಿನಿಂದ ಉಜ್ಜಿ, ಎದುರಿಗಿಟ್ಟ ತಂಬಿಗೆಯ ಮೇಲೆ ಬೆಳಕು ಬಿದ್ದಷ್ಟು ಜಾಗವನ್ನು ಮಾತ್ರ ಹೊರಗೆ ತೆಗೆಯಬೇಕು. ಹದಿಮೂರು ವರ್ಷ ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರ ಕೂರಿಸಿದವಳಿಗೆ ಕೈ ಏಳಲಿಲ್ಲ. ಪಕ್ಕದಲ್ಲಿ ಕೂತಿದ್ದ ಸಹಪಾಠಿ ದಿವ್ಯಾಳಿಗೆ ಹದಿನೆಂಟು ವರ್ಷ. ಮೊಣಕೈವರೆಗೂ ಮಸಿ ಮಾಡಿಕೊಂಡಿದ್ದ ಅವಳು ನನ್ನ ಹಾಳೆ ನೋಡಿ, "ಹೆದರ್ಬೇಡಿ ಆಂಟಿ, ಹಾಳಾದ್ರೆ ಇನ್ನೊಂದು ಹಾಳೆ ಕೊಡ್ತಾರೆ" ಎಂದಳು. ಆ ವರ್ಷವಿಡೀ ತರಗತಿಯಲ್ಲಿ ನನ್ನ ಹೆಸರು ಆಂಟಿ ಎಂದೇ ಆಯಿತು.

ನಾನು ಕಲಬುರಗಿಯವಳು. ಅಲ್ಲಿಯ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕಿಯಾಗಿದ್ದೆ, ಪುಟವನ್ನೂ ಕಟ್ಟುತ್ತಿದ್ದೆ. ಚಿತ್ರ ಬರಲಿ ಎಂದು ಪುಟದಲ್ಲಿ ಖಾಲಿ ಚೌಕ ಬಿಟ್ಟು ಬಿಟ್ಟು, ಆ ಚೌಕದೊಳಗಿನ ಕೆಲಸ ನನಗೇ ಬರಬೇಕು ಅನ್ನಿಸಿತು. ಮೂವತ್ತಾರನೇ ವಯಸ್ಸಿನಲ್ಲಿ ನನ್ನನ್ನು ಸೇರಿಸಿಕೊಳ್ಳಲು ಒಪ್ಪಿದ್ದು ಶಿವಮೊಗ್ಗದ ಒಂದು ಸಣ್ಣ ಕಲಾಶಾಲೆ. ಕಲೆ ಮತ್ತು ವಿನ್ಯಾಸದ ಫೌಂಡೇಶನ್ ಕೋರ್ಸ್, ಒಂದು ವರ್ಷದ್ದು. ಚಿತ್ರ, ಬಣ್ಣ, ಮಣ್ಣು, ರಟ್ಟು, ಅಳತೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿಸುತ್ತಾರೆ. ಕೊನೆಗೆ ನಮ್ಮ ಕೆಲಸವನ್ನೆಲ್ಲ ಪರೀಕ್ಷಕರ ಮುಂದೆ ಹರಡಬೇಕು. ಅವರು ಒಪ್ಪಿದರೆ ಮೂರು ವರ್ಷದ ಪದವಿಗೆ ಸೀಟು. ಇಲ್ಲವಾದರೆ ಬಂದ ದಾರಿ.

ನನಗೆ ಆ ಬಂದ ದಾರಿಗೂ ಒಂದು ಗಡುವಿತ್ತು. ಸಂಪಾದಕರು ಸಂಬಳವಿಲ್ಲದ ರಜೆ ಕೊಡುವಾಗಲೇ ಹೇಳಿದ್ದರು: "ಒಂದು ವರ್ಷ ನಿನ್ನ ಕುರ್ಚಿ ಮ್ಯಾಲ ಯಾರ್ನೂ ಕೂಡಸಂಗಿಲ್ಲ. ಆಮ್ಯಾಲ ನಂಗ ಕೇಳಬ್ಯಾಡ."

ಶಿವಮೊಗ್ಗದಲ್ಲಿ ಮನೆ ಸಿಗಲು ಹದಿನೈದು ದಿನ ಹಿಡಿಯಿತು. ದುರ್ಗಿಗುಡಿಯಲ್ಲಿ ನೋಡಿದ ಎರಡೂ ಮನೆಗಳಲ್ಲಿ, "ಯಜಮಾನ್ರು ಯಾವಾಗ ಬರ್ತಾರೆ?" ಎಂದು ಕೇಳಿದರು. ಯಜಮಾನರಿಲ್ಲ ಎಂದ ಮೇಲೆ ಮನೆಯೂ ಇರಲಿಲ್ಲ. ವಿನೋಬನಗರದ ಸರೋಜಮ್ಮ ಮಾತ್ರ ಅದನ್ನು ಕೇಳಲಿಲ್ಲ. ಅವರ ಗಂಡ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿದ್ದವರು, ಈಗಿಲ್ಲ. ಮಹಡಿಯ ಮೇಲಿನ ಕೋಣೆ ತೋರಿಸಿ, "ಮೇಲೆ ನಡೆದ್ರೆ ಕೆಳಗೆ ಕೇಳುತ್ತೆ. ಮೆತ್ತಗೆ ನಡೀಬೇಕು, ಅಷ್ಟೇ ನೋಡಿ" ಎಂದರು. ನಾನು ಮೆತ್ತಗೆ ನಡೆಯಲು ಕಲಿತೆ. ಎಷ್ಟು ಕಲಿತೆನೆಂದರೆ, ಒಂದು ಭಾನುವಾರ ಅವರೇ ಮೆಟ್ಟಿಲು ಹತ್ತಿ ಬಂದರು.

"ಏನ್ ಮಾರಾಯ್ತಿ, ಬೆಳಗ್ಗಿಂದ ಸದ್ದೇ ಇಲ್ಲ. ಹುಷಾರಿಲ್ವಾ?"

ಮಾರಾಯ್ತಿ ಎಂಬುದು ಇಲ್ಲಿ ಸಲಿಗೆಗೂ ಬೈಗುಳಕ್ಕೂ ಸಲ್ಲುವ ಮಾತು. ನಮ್ಮ ಕಡೆಯ 'ಯವ್ವಾ' ಎಂಬುದಕ್ಕೆ ಹತ್ತಿರ, ಆದರೆ ಅದಲ್ಲ. ಆ ದಿನವಿಡೀ ಯಾರಾದರೂ ನನ್ನನ್ನು ಕರೆದದ್ದು ಅದೊಂದೇ ಸಲ. ಹುಷಾರಾಗಿದ್ದೇನೆ ಎಂದೆ. ಅವರು ಇಳಿದು ಹೋದರು.

ಅವ್ವ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಜೋಳದ ಖಡಕ್ ರೊಟ್ಟಿ ಕಳಿಸುತ್ತಿದ್ದಳು. ಕಲಬುರಗಿಯಲ್ಲಿ ಅದು ತಿಂಗಳಾದರೂ ಮುರಿಯುವಾಗ ಸದ್ದು ಮಾಡುತ್ತದೆ. ಇಲ್ಲಿಯ ಗಾಳಿಗೆ ನಾಲ್ಕನೇ ದಿನಕ್ಕೆ ಬಾಗುತ್ತದೆ. ಡ್ರಾಯಿಂಗ್ ಹಾಳೆಯೂ ಹಾಗೆಯೇ, ಬೆಳಿಗ್ಗೆ ಮೇಜಿಗೆ ಅಂಟಿಸಿದ್ದು ಸಂಜೆಗೆ ಅಲೆಯಾಗಿರುತ್ತದೆ. ಸರೋಜಮ್ಮ ಕೊಡುವ ಅಕ್ಕಿ ಕಡುಬು ಬಿಸಿಯಿದ್ದಾಗ ರುಚಿ. ಹೊಟ್ಟೆ ತುಂಬುತ್ತದೆ, ಊಟವಾಯಿತು ಎನ್ನಿಸುವುದಿಲ್ಲ. ಇದು ಕಡುಬಿನ ತಪ್ಪಲ್ಲ.

ಕಷ್ಟದ ಹೊತ್ತು ಸಂಜೆ ಏಳು ಗಂಟೆ. ಪತ್ರಿಕೆಯ ಡೆಸ್ಕಿನಲ್ಲಿ ಆ ಹೊತ್ತಿಗೆ ಐದು ಜನ ಒಟ್ಟಿಗೆ ನನ್ನ ಹೆಸರು ಕೂಗುತ್ತಿದ್ದರು. ಇಲ್ಲಿ ಏಳಕ್ಕೆ ಕೆಳಗಿನ ಟಿವಿ ಶುರುವಾಗುತ್ತದೆ. ಮೊದಲ ಕೆಲವು ತಿಂಗಳು ನಾನು ಆ ಹೊತ್ತಿಗೆ ಸುಮ್ಮನೆ ಪೆನ್ಸಿಲ್ ಚೂಪು ಮಾಡುತ್ತಿದ್ದೆ. ಒಂದು ಡಬ್ಬಿ ಪೆನ್ಸಿಲ್ ಹಾಗೆಯೇ ಮುಗಿಯಿತು.

ಕೊನೆಯ ಕೆಲಸವಾಗಿ ಶಾಲೆಯವರು ಕೇಳಿದ್ದು ಇದು: ಯಾರಾದರೂ ದುಡಿಮೆಗೆ ಬಳಸಿದ ಒಂದು ವಸ್ತುವನ್ನು ಹುಡುಕಿ, ಅಳೆದು, ಇದ್ದಷ್ಟೇ ಗಾತ್ರಕ್ಕೆ ರಟ್ಟಿನಲ್ಲಿ ಕಟ್ಟಬೇಕು. ಸರೋಜಮ್ಮ ಭದ್ರಾವತಿಗೆ ಫೋನ್ ಮಾಡಿದರು. ಅವರ ಗಂಡನ ಜೊತೆ ಕೆಲಸ ಮಾಡಿದ್ದ ಆರ್ಮುಗಂ ಮೇಸ್ತ್ರಿ ಇನ್ನೂ ಕಾರ್ಖಾನೆಯ ಹಳೇ ಕ್ವಾರ್ಟರ್ಸ್ ಹತ್ತಿರವೇ ಇದ್ದಾರೆ, ಅವರ ಹತ್ತಿರ ಹತಾರಗಳನ್ನಿಡುವ ಮರದ ಪೆಟ್ಟಿಗೆಯಿದೆ ಎಂದರು.

ಬಸ್ಸಿನಲ್ಲಿ ಅರ್ಧ ಗಂಟೆ ಚಿಲ್ಲರೆಯ ದಾರಿ. ಭದ್ರಾವತಿಯ ಆ ಬೀದಿಯಲ್ಲಿ ಒಂದು ಮನೆಯಿಂದ ತಮಿಳು, ಇನ್ನೊಂದರಿಂದ ತೆಲುಗು, ಗೇಟಿನ ಹತ್ತಿರ ಕನ್ನಡ ಕೇಳಿಸುತ್ತಿತ್ತು. ಬೇರೆ ಊರಿನಿಂದ ಬಂದವರೇ ಕಟ್ಟಿದ ಬೀದಿ ಎಂಬುದು ಗೊತ್ತಾಗಿ ನನಗೆ ಸ್ವಲ್ಪ ಧೈರ್ಯ ಬಂತು.

"ವಾಮ್ಮಾ, ಕೂತ್ಕೊ" ಎಂದರು ಮೇಸ್ತ್ರಿ. "ಸರೋಜಾ ಹೇಳಿದ್ಲು, ಪೇಪರ್ನೋರು ಬರ್ತಾರೆ ಅಂತ."

"ಈಗ ಪೇಪರ್ನಾಕಿ ಅಲ್ರೀ. ವಿದ್ಯಾರ್ಥಿ."

"ಈ ವಯಸ್ಸಲ್ಲಾ?"

"ಹೌದ್ರಿ."

"ವಾಸಿ ಬಿಡು. ನಾನು ಅರವತ್ತಕ್ಕೇ ಸುಮ್ನೆ ಕೂತ್ಬಿಟ್ಟೆ."

ಅವರು ಪ್ಯಾಟ್ರನ್ ಶಾಪಿನಲ್ಲಿದ್ದವರು. ಉಕ್ಕಿನಲ್ಲಿ ಎರಕ ಹೊಯ್ಯುವ ಪ್ರತಿ ವಸ್ತುವನ್ನೂ ಮೊದಲು ಮರದಲ್ಲಿ ಮಾಡಬೇಕು. ಆ ಮರದ ಮಾದರಿಯೇ ಪ್ಯಾಟ್ರನ್. ಪೆಟ್ಟಿಗೆಯನ್ನು ನನ್ನ ಟೇಪಿನಿಂದ ಅಳೆದೆ. ಉದ್ದ ಇಪ್ಪತ್ತನಾಲ್ಕು ಇಂಚು. ಎರಡು ಸಲ ಅಳೆದು, ಎರಡು ಸಲ ಬರೆದುಕೊಂಡೆ. ಹೊರಡುವಾಗ ಅವರು ಪೆಟ್ಟಿಗೆಯೊಳಗಿಂದ ಒಂದು ಉಕ್ಕಿನ ಸ್ಕೇಲು ತೆಗೆದರು. ಎರಡಡಿಯದು, ಹಿಡಿದು ಹಿಡಿದು ನುಣುಪಾದದ್ದು.

"ತಗೊಂಡ್ ಹೋಗಮ್ಮ. ನಮ್ ಶಾಪ್ ಸ್ಕೇಲು. ನನಗಿನ್ನೇನು ಕೆಲಸ."

ಶಿವಮೊಗ್ಗಕ್ಕೆ ಬಂದ ಮೇಲೆ, ತಿನ್ನುವುದನ್ನು ಬಿಟ್ಟರೆ, ಯಾರಾದರೂ ನನಗೆ ಕೊಟ್ಟ ಮೊದಲ ವಸ್ತು ಅದು. ಅದರ ತುದಿಯಲ್ಲಿ ಸವೆದ ಅಕ್ಷರಗಳಿದ್ದವು. ತಯಾರಿಸಿದ ಕಂಪನಿಯ ಹೆಸರಿರಬೇಕು ಎಂದುಕೊಂಡೆ. ಕೇಳಲಿಲ್ಲ.

ಮುಚ್ಚಳವನ್ನು ಶುಕ್ರವಾರ ಶಾಲೆಯಲ್ಲಿ, ಶಾಲೆಯ ಸ್ಕೇಲಿನಲ್ಲಿ ಕತ್ತರಿಸಿದೆ. ಪೆಟ್ಟಿಗೆಯ ತಳ ಮತ್ತು ನಾಲ್ಕು ಬದಿಗಳನ್ನು ಶನಿವಾರ ನನ್ನ ಕೋಣೆಯಲ್ಲಿ, ಮೇಸ್ತ್ರಿಯ ಸ್ಕೇಲಿನಲ್ಲಿ. ಭಾನುವಾರ ಮಧ್ಯಾಹ್ನ ಎಲ್ಲ ಅಂಟಿಸಿ ಮುಚ್ಚಳ ಇಟ್ಟೆ. ಒಂದು ತುದಿ ಸರಿಯಾಗಿ ಕೂರಿಸಿದರೆ ಇನ್ನೊಂದು ತುದಿಯಲ್ಲಿ ಅರ್ಧ ಇಂಚು ಬಾಯಿ ತೆರೆದುಕೊಂಡಿತ್ತು. ಬರೆದುಕೊಂಡಿದ್ದ ಅಂಕಿಗಳನ್ನು ನೋಡಿದೆ, ಸರಿಯಿದ್ದವು. ಕೊನೆಗೆ ಮೇಸ್ತ್ರಿಯ ಸ್ಕೇಲಿನ ಪಕ್ಕದಲ್ಲಿ ನನ್ನ ಟೇಪು ಎಳೆದೆ. ಸೊನ್ನೆಗೆ ಸೊನ್ನೆ ಹೊಂದಿತು. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕು ಹೊಂದಲಿಲ್ಲ.

ಸೋಮವಾರ ಬೆಳಿಗ್ಗೆ ಭದ್ರಾವತಿಗೆ ಹೋದೆ. ಮರುದಿನವೇ ಪರೀಕ್ಷಕರು ಬರುವವರಿದ್ದರು.

"ಸ್ಕೇಲು ತಪ್ಪಿದೆ ಅಂದ್ಯಾ?" ಮೇಸ್ತ್ರಿ ನನ್ನನ್ನೇ ನೋಡಿದರು. "ಮೂವತ್ತೆಂಟು ವರ್ಷ ಅದರಲ್ಲೇ ಕೆಲಸ ಮಾಡಿದೀನಿ. ಉಕ್ಕು ಕಾದಾಗ ಒಂದು ಸೈಜು, ಆರಿದ್ಮೇಲೆ ಒಂದು ಸೈಜು. ಅಡಿಗೆ ಕಾಲಿಂಚು ಕುಗ್ಗುತ್ತೆ. ಆರಿದ್ಮೇಲೆ ಸರಿ ಬರ್ಬೇಕು ಅಂದ್ರೆ ಮರದಲ್ಲಿ ಮೊದ್ಲೇ ದೊಡ್ಡದಾಗಿ ಮಾಡ್ಬೇಕು. ಪ್ರತಿ ಸಲ ಯಾರ್ ಲೆಕ್ಕ ಹಾಕ್ತಾರೆ? ಅದಕ್ಕೇ ಸ್ಕೇಲೇ ದೊಡ್ಡದು, ಎರಡಡಿಗೆ ಅರ್ಧ ಇಂಚು. ತುದೀಲಿ ಬರ್ದಿದಾರಲ್ಲ."

"ಅದು ಕಂಪನಿ ಹೆಸರು ಅಂದ್ಕೊಂಡೆ."

"ಕೇಳ್ಬೇಕಿತ್ತು. ಪೇಪರ್ನೋರು ಕೇಳೋದೇ ಕೆಲಸ ಅಲ್ವಾ?"

ನಿಜ. ಹೊಸ ವರದಿಗಾರರಿಗೆ ನಾನೇ ಎಷ್ಟು ಸಲ ಹೇಳಿದ್ದೆ, ಗೊತ್ತಿದೆ ಅನ್ನಿಸಿದ್ದನ್ನು ಮೊದಲು ಕೇಳಿ ಎಂದು.

ಪೆಟ್ಟಿಗೆ ಮತ್ತೆ ಕಟ್ಟಲು ಸಮಯವಿರಲಿಲ್ಲ, ಅಷ್ಟು ರಟ್ಟೂ ಇರಲಿಲ್ಲ. ಒಂದು ಮುಚ್ಚಳಕ್ಕೆ ಸಾಕಾಗುವಷ್ಟಿತ್ತು. ಶಾಲೆಗೆ ಬಂದು ಹೇಳಿದಾಗ ದಿವ್ಯಾ ಒಂದು ನಿಮಿಷವೂ ಯೋಚಿಸಲಿಲ್ಲ.

"ಅದೇ ಸ್ಕೇಲಲ್ಲಿ ಇನ್ನೊಂದು ಮುಚ್ಚಳ ಮಾಡಿ ಆಂಟಿ. ನೀಟಾಗಿ ಕೂರುತ್ತೆ. ಭದ್ರಾವತಿಗೆ ಹೋಗಿ ಯಾರ್ ಅಳೀತಾರೆ?"

ಯಾರೂ ಅಳೆಯುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಆ ಹೊತ್ತಿಗೆ ಸೀಟು ಎಷ್ಟು ಬೇಕಾಗಿತ್ತು ಎಂಬುದೂ ಗೊತ್ತಿತ್ತು. ಉಳಿದ ರಟ್ಟನ್ನು ಮೇಜಿನ ಮೇಲೆ ಹಾಸಿ, ಸ್ಕೇಲು ಇಟ್ಟು, ಪೆನ್ಸಿಲಿನಿಂದ ಗೆರೆಯನ್ನೂ ಎಳೆದೆ. ಕತ್ತರಿಸಲಿಲ್ಲ. ಇದ್ದಷ್ಟೇ ಗಾತ್ರ ಎಂದು ಬರೆದು ಅರ್ಧ ಇಂಚು ಸುಳ್ಳು ಹೇಳುವುದು ಆಗಲಿಲ್ಲ. ಕೂರದ ಮುಚ್ಚಳವನ್ನೇ ಇಟ್ಟು, ಇನ್ನೊಂದು ಹಾಳೆಯಲ್ಲಿ ಎರಡು ಅಳತೆಗಳನ್ನೂ ಒಂದರ ಪಕ್ಕ ಒಂದು ಬರೆದು, ನಡೆದದ್ದನ್ನು ಕೆಳಗೆ ನಾಲ್ಕು ಸಾಲಿನಲ್ಲಿ ಬರೆದೆ.

ಹೊರಗಿನಿಂದ ಬಂದ ಪರೀಕ್ಷಕಿ ಮುಚ್ಚಳವನ್ನು ಆ ತುದಿಗೊಮ್ಮೆ ಈ ತುದಿಗೊಮ್ಮೆ ಸರಿಸಿ ನೋಡಿದರು. ಹಾಳೆಯನ್ನು ಓದಿದರು. ಸ್ಕೇಲನ್ನು ಕೇಳಿ ಪಡೆದು, ಕನ್ನಡಕ ತೆಗೆದು, ಸವೆದ ಅಕ್ಷರಗಳನ್ನು ಓದಲು ಪ್ರಯತ್ನಿಸಿದರು. "ಕೈಗೆಲಸಕ್ಕೆ ಅಂಕ ಕಡಿಮೆಯಾಗುತ್ತೆ" ಎಂದರು. ಮುಂದಿನ ಮೇಜಿಗೆ ಹೋದರು.

ಹತ್ತು ದಿನದ ಮೇಲೆ ಹಚ್ಚಿದ, ಸೀಟು ಸಿಕ್ಕವರ ಪಟ್ಟಿಯಲ್ಲಿ ಕೊನೆಯಿಂದ ಎರಡನೆಯ ಹೆಸರು ನನ್ನದು. ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ದಿವ್ಯಾ ನನ್ನ ಕೈ ಕುಲುಕಿದಳು. ಸರೋಜಮ್ಮ ಮಗಳ ಮನೆಗೆ ಹೋಗಿದ್ದರು, ಕೆಳಗಿನ ಬಾಗಿಲಿಗೆ ಬೀಗವಿತ್ತು. ಕೋಣೆಗೆ ಬಂದು ಮೇಸ್ತ್ರಿಗೆ ಫೋನ್ ಮಾಡಿದೆ.

"ಮುಚ್ಚಳ ಕೂರ್ದೇ ಇದ್ರೂ ಪಾಸಾ?" ಎಂದರು. "ನಮ್ ಶಾಪಲ್ಲಾಗಿದ್ರೆ ಮನೆಗೆ ಕಳಿಸ್ತಿದ್ರು."

ಆಮೇಲೆ ಸಂಪಾದಕರಿಗೆ. ಅವರು "ಚಲೋ ಆತು ಬಿಡು" ಎಂದರು. ನನ್ನ ಕುರ್ಚಿಯ ಮಾತು ಇಬ್ಬರೂ ಎತ್ತಲಿಲ್ಲ.

ರಜೆಗೆ ಕಲಬುರಗಿಗೆ ಹೋದಾಗ ಕಚೇರಿಯಲ್ಲಿ ಆ ಕುರ್ಚಿಯನ್ನು ನೋಡಿದೆ. ಹೊಸ ಹುಡುಗಿಯೊಬ್ಬಳು ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಕೂತ್ಕೋ ಎಂದೆ. ಅವಳು ಕೂತಳು.

ಮನೆಯಲ್ಲಿ ಎರಡನೇ ದಿನ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: "ಯಾಕವ್ವಾ, ಕಳ್ಳರಂಗ ಅಡ್ಡಾಡ್ತಿ? ಜೋರ್ ನಡಿ. ನಮ್ಮ ಕೆಳಗ ಯಾರೂ ಇಲ್ಲ, ನೆಲಾನೇ ಅದ."

ಅಡುಗೆಮನೆಗೆ ಒಂದು ಹಲಗೆ ಹಾಕಿಸಬೇಕಿತ್ತು. ಬಡಿಗೇರ ಅಳತೆ ಕೇಳಿದ್ದ. ಚೀಲದಲ್ಲಿ ಟೇಪು, ಸ್ಕೇಲು ಎರಡೂ ಇದ್ದವು. ಕೈಗೆ ಮೊದಲು ಸಿಕ್ಕಿದ್ದು ಮೇಸ್ತ್ರಿಯ ಸ್ಕೇಲು. ನಾನು ಹುಟ್ಟಿ ಬೆಳೆದ ಮನೆಯ ಗೋಡೆಯ ಮೇಲೆ ಅದನ್ನಿಟ್ಟು ನೋಡಿದೆ. ಗೋಡೆ ಒಂದಿಷ್ಟು ಚಿಕ್ಕದಾಗಿ ಕಂಡಿತು. ಆಮೇಲೆ ಟೇಪಿನಿಂದ ಅಳೆದು ಚೀಟಿಯಲ್ಲಿ ಬರೆದೆ. ಅಂಕಿಯ ಕೆಳಗೆ, ಯಾವುದರಿಂದ ಅಳೆದದ್ದು ಎಂಬುದನ್ನೂ ಬರೆದೆ. ಬಡಿಗೇರನಿಗೆ ಅದು ಬೇಕಿರಲಿಲ್ಲ.