ನತ್ತಿನ ನಡುಮುತ್ತು

ಮೊನ್ನೆ ಮೊಮ್ಮಗಳ ಮದುವೆಗೆಂದು ನನ್ನ ನತ್ತಿನ ಡಬ್ಬಿ ತೆಗೆದೆ. ಒಳಗಿನ ಮಲ್ ಬಟ್ಟೆಯ ತುಂಡಿಗೆ ಇನ್ನೂ ಜೇನುಮೇಣದ ವಾಸನೆ ಇತ್ತು. ಮುತ್ತು ಪೋಣಿಸುವ ದಾರಕ್ಕೆ ಮೇಣ ತಿಕ್ಕಿ ತಿಕ್ಕಿ ಬೆರಳೆಲ್ಲ ಅದೇ ವಾಸನೆ ಹಿಡಿದಿದ್ದ ಒಬ್ಬರು ಸುತ್ತಿಕೊಟ್ಟ ಬಟ್ಟೆ ಅದು. ಉದಗೀರಿನ ನಮ್ಮ ಓಣಿಗೆಲ್ಲ ಅವರು ಮುತ್ತಿನ ಚಾಚಾ. ಹೆಸರು ನಾನು ಕೇಳಲೇ ಇಲ್ಲ... ಕೇಳಬೇಕಿತ್ತು.

ಚಾಚಾ ಹೈದರಾಬಾದಿನಲ್ಲಿ ಮುತ್ತು ಚುಚ್ಚುವ ಕಸುಬು ಕಲಿತವರು. ಪೊಲೀಸ್ ಆಕ್ಷನ್ ಆಗಿ ನಿಜಾಮನ ಆಳ್ವಿಕೆ ಹೋದಮೇಲೆ ಅಲ್ಲಿ ಮುತ್ತು ಕೊಳ್ಳುತ್ತಿದ್ದ ದೊಡ್ಡ ಮನೆಗಳೇ ಬರಿದಾದವು. ಇವರು ಹೆಂಡತಿಯ ತವರಾದ ನಮ್ಮೂರಿಗೆ ಬಂದು ನೆಲೆಸಿದರು. ಸರಾಫರು ಮುತ್ತು ಕೊಳ್ಳುವ ಮುಂಚೆ ಅವರಿಗೇ ತೋರಿಸುತ್ತಿದ್ದರು. ಚಾಚಾ ಅದನ್ನು ಬಿಳಿ ಬಟ್ಟೆಯ ಮೇಲೆ ಉರುಳಿಸಿ, ಬೆಳಕಿಗೆ ತಿರುಗಿಸಿ, ಕೊನೆಗೆ ಮುಂದಿನ ಹಲ್ಲಿಗೆ ಮೆಲ್ಲಗೆ ತಿಕ್ಕುತ್ತಿದ್ದರು. ಖರೆ ಮುತ್ತು ಹಲ್ಲಿಗೆ ಸಣ್ಣ ಉಸುಕಿನಂತೆ ಕರಕರ ಅನ್ನುತ್ತದೆ, ಖೋಟಾ ಜಾರುತ್ತದೆ. "ಕಣ್ಣ ಮೋಸಾ ಹೋಗ್ತಾವ ಬೇಟಿ, ಹಲ್ಲ ಹೋಗಂಗಿಲ್ಲ" ಅನ್ನುತ್ತಿದ್ದರು. ಆ ಎರಡು ಹಲ್ಲು ಬಿದ್ದರೆ ಅಂದೇ ಚಾಚಾನ ಅಂಗಡಿಯೂ ಬಿದ್ದಂತೆ ಎಂದು ಓಣಿಯವರ ಚೇಷ್ಟೆ. ಅನುಮಾನ ಬಂದರೆ ಸೊಂಟದ ಚೀಲದಿಂದ ತಮಗೆ ಕಸುಬು ಕಲಿಸಿದ ಉಸ್ತಾದ ಕೊಟ್ಟ ಒಂದು ಮುತ್ತು ತೆಗೆದು, ಪಕ್ಕದಲ್ಲಿಟ್ಟು ಹೋಲಿಸಿ ನೋಡುತ್ತಿದ್ದರು. ಅದನ್ನು ಅವರು ಚುಚ್ಚಿರಲಿಲ್ಲ, ಮಾರಿರಲೂ ಇಲ್ಲ.

ನನ್ನ ಅಪ್ಪ ಬಜಾರದಲ್ಲಿ ಅರಿವೆ ವ್ಯಾಪಾರಿ. ಒಳ್ಳೆಯವರು, ಆದರೆ ಮೂಗಿನ ತುದಿಯಲ್ಲೇ ಸಿಟ್ಟು. ಅವರ ತಂಗಿಯ ಮದುವೆಯಲ್ಲಿ ಬೀಗರು ಹಿತ್ತಾಳೆಗೆ ಬಂಗಾರದ ನೀರು ಕುಡಿಸಿ ತಂದಿದ್ದರಂತೆ. ನನ್ನ ಸೋದರತ್ತೆ ಆ ಮನೆಯಲ್ಲಿ ಸುಖಪಡಲಿಲ್ಲ. ಅಂದಿನಿಂದ ಅಪ್ಪನದು ಒಂದೇ ಮಾತು: "ವಸ್ತಾ ಖೋಟಾ ಅಂದ್ರ ಮಂದೀನೂ ಖೋಟಾ." ನನ್ನ ಲಗ್ನ ಗೊತ್ತಾದಾಗಲೂ ಓಣಿಗೆಲ್ಲ ಕೇಳುವಂತೆ ಹೇಳಿಯೇ ಇದ್ದರು, ಒಂದು ಮಣಿ ಖೋಟಾ ಇದ್ದರೂ ಮದುವೆ ಇಲ್ಲ ಎಂದು.

ಹುಡುಗನ ಊರು ನಿಲಂಗಾ. ತಂದೆ ಇರಲಿಲ್ಲ, ತಾಯಿಯೇ ಹೊಲ ಮನೆ ನೋಡಿಕೊಂಡವರು. ಹುಡುಗ ನನ್ನ ಮನಸ್ಸಿಗೆ ಬಂದಿದ್ದ. ಈಗ ಹೇಳಲು ಏನು ನಾಚಿಕೆ. ನಮ್ಮ ಮನೆತನದಲ್ಲಿ ನತ್ತಿನ ಮುತ್ತುಗಳನ್ನು ವರನ ಕಡೆಯವರು ಚುಚ್ಚದೆ ತರಬೇಕು, ಎರಡೂ ಕಡೆಯವರ ಎದುರಿಗೆ ಚುಚ್ಚಿಸಬೇಕು ಎಂಬ ಪದ್ಧತಿ. ಒಂದು ಮುಂಜಾನೆ ಹುಡುಗನ ತಾಯಿ, ನಮ್ಮ ಬೀಗತಿ, ಏಳು ಮುತ್ತು ತಂದರು. ಆರು ಸಣ್ಣವು, ನಡುವಿಗೆ ಒಂದು ದಪ್ಪನೆಯದು.

ಚಾಚಾ ಪಡಸಾಲೆಯಲ್ಲಿ ಕೂತು ಮರದ ತುಂಡಿನ ಕುಳಿಯಲ್ಲಿ ಮುತ್ತು ಕೂಡಿಸಿ, ಸಣ್ಣ ಕಮಾನಿನಿಂದ ಸೂಜಿ ತಿರುಗಿಸತೊಡಗಿದರು. ಕಮಾನು ನಾಲ್ಕು ಸಲ ಎಳೆದರೆ ಒಮ್ಮೆ ಕಿರುಬೆರಳನ್ನು ನೀರಿಗೆ ಅದ್ದಿ ಮುತ್ತಿನ ಮೇಲೆ ಹನಿ ಬಿಡಬೇಕು. ಕಾದರೆ ಮುತ್ತು ಸೀಳುತ್ತದೆ. ನೀರಿನ ಕರಟ ಹಿಡಿದು ಎದುರಿಗೆ ಕೂತವಳು ನಾನೇ. ಆರು ಮುತ್ತು ಆದವು. ಏಳನೆಯದನ್ನು ಹಲ್ಲಿಗೆ ತಿಕ್ಕಿದರು. ತಡೆದು ಮತ್ತೆ ತಿಕ್ಕಿದರು. ನಾನು ಅವರ ಮುಖವನ್ನೇ ನೋಡಿದೆ.

"ಇದು ಎಲ್ಲಿಂದರಿ, ಅವ್ವಾ?" ಎಂದು ಬೀಗತಿಯನ್ನು ಕೇಳಿದರು.

"ನಮ್ಮ ಯಜಮಾನರು ಹೈದ್ರಾಬಾದಿಂದ ತಂದಿದ್ರರಿ. ಸೊಸಿಗಂತ ಇಟ್ಟೀನಿ. ಅವರು ಹ್ವಾದ ಮ್ಯಾಲ ದಿನಾ ತಗದು ನೋಡ್ತೀನಿ, ಅಷ್ಟೇ" ಎಂದರು ಆಕೆ. ಅವರ ಮುಖದಲ್ಲಿ ಹಬ್ಬ ಇತ್ತು.

"ಹ್ಯಾಂಗದ, ಚಾಚಾ?" ಅಪ್ಪ ಕೇಳಿದರು.

"ಇಂಥಾದ್ದು ನಾ ಚುಚ್ಚೇ ಇಲ್ರಿ, ಸಾವಕಾರ್ರ" ಎಂದು ಚಾಚಾ ಕಮಾನು ಎತ್ತಿದರು. ಎಳೆದರು, ಎಳೆದರು... ನಾನು ಕರಟ ಮುಂದೆ ಚಾಚಿದೆ. ಅವರು ಬೆರಳು ಅದ್ದಲಿಲ್ಲ. ಟಕ್ ಎಂದಿತು.

"ತಪ್ಪಾತ್ರಿ. ನನ್ನ ಕೈ ನಡುಗಿ ಮುತ್ತ ಒಡೀತು" ಎನ್ನುತ್ತ ಚೂರುಗಳನ್ನು ಮುಷ್ಟಿಯಲ್ಲಿ ಬಳಿದುಕೊಂಡರು. ಬೀಗತಿ ಸೆರಗು ಬಾಯಿಗೆ ಹಚ್ಚಿಕೊಂಡು ಅತ್ತರು. ಅಪ್ಪ ಎದ್ದು ನಿಂತರು. ಅಂದಿನವರೆಗೆ 'ನೀವು' ಎನ್ನುತ್ತಿದ್ದವರು ತುಂಬಿದ ಪಡಸಾಲೆಯಲ್ಲಿ "ನಿನ್ನ ಕೈಯಾಗ ವಸ್ತಾ ಕೊಟ್ಟದ್ದೇ ನಂದ ತಪ್ಪ. ಬಜಾರದಾಗ ಇನ್ನ ಯಾರೂ ನಿನಗ ಮುತ್ತ ತೋರಸಂಗಿಲ್ಲ" ಎಂದುಬಿಟ್ಟರು. ಚಾಚಾ ಸೊಂಟದ ಚೀಲದಿಂದ ಉಸ್ತಾದನ ಮುತ್ತು ತೆಗೆದರು, ಕಿರುಬೆರಳು ಅದ್ದಿ ಅದ್ದಿ ಅದನ್ನು ಚುಚ್ಚಿದರು, ಏಳನ್ನೂ ತಮ್ಮ ಮಲ್ ಬಟ್ಟೆಯಲ್ಲಿ ಸುತ್ತಿ ಬೀಗತಿಯ ಮುಂದಿಟ್ಟು ಹೋದರು.

ಕಸ ಹೊಡೆಯುವಾಗ ಹಾಸುಗಲ್ಲಿನ ಸಂದಿಯಲ್ಲಿ ಒಂದು ಚೂರು ಸಿಕ್ಕಿತು. ಮೇಲೆ ಹೊಳಪಿನ ಸಿಪ್ಪೆ, ಒಳಗೆ ಬರೀ ಗಾಜು. ಅಪ್ಪನಿಗೆ ತೋರಿಸಬಹುದಿತ್ತು. ಸೀರೆಯ ಚುಂಗಿಗೆ ಕಟ್ಟಿಕೊಂಡೆ. ನನ್ನ ಲಗ್ನ ಉಳಿಯಲೆಂದು ಅವರ ಮಾನ ಹೋಗಲು ಬಿಟ್ಟೆ.

ಅಪ್ಪ ಅಂದಂತೆಯೇ ಆಯಿತು, ಸರಾಫರು ಚಾಚಾನನ್ನು ಕರೆಯುವುದು ಬಿಟ್ಟರು. ಮೊದಲ ಬಾಣಂತನಕ್ಕೆ ತವರಿಗೆ ಬಂದಾಗ ಅವರು ದಾರ ಹೊಸೆದು ಮಾರುತ್ತಿದ್ದರು. ತಾಯಿತದ ದಾರ, ಗೊಂಡೆ, ನಮ್ಮ ಲಿಂಗವಂತರಿಗೆ ಶಿವದಾರ. ಕೂಸಿನ ಲಿಂಗಕ್ಕೆ ಶಿವದಾರ ತರುವ ನೆಪ ಮಾಡಿಕೊಂಡು ಹೋದೆ. ಗಾಜಿನ ಚೂರು ಅವರ ಅಂಗೈಯಲ್ಲಿಟ್ಟೆ.

ನೋಡಿ ನಕ್ಕರು. "ಆ ತಾಯಿ ಸತ್ತ ಗಂಡನ್ನ ಮುತ್ತಿನಾಗ ನೋಡ್ತಿದ್ಳು, ಬೇಟಿ. ಅದು ಗಾಜು ಅಂತ ನಾ ಹ್ಯಾಂಗ ಅನ್ಲಿ? ಆಕಿ ಇರೋತನಕ ನೀನೂ ಬಾಯಿ ಬಿಡಬ್ಯಾಡ."

ಮೊಳ ಹಾಕಿ ಶಿವದಾರ ಕೊಟ್ಟರು. ಕೂಸಿಗೆ ಒಂದು ಗೇಣು ಹೆಚ್ಚಿಗೆ ಬಿಟ್ಟು.

ರಾಜ್ಯಗಳ ವಿಂಗಡಣೆಯಲ್ಲಿ ಬೀದರ ಮೈಸೂರಿಗೆ ಹೋಗಿ ನಾವು ಮುಂಬಯಿ ರಾಜ್ಯಕ್ಕೆ ಸೇರಿದ ಮೇಲೆ ಅತ್ತೆ ತೀರಿಕೊಂಡರು. ಮಗಳಂತೆ ನೋಡಿಕೊಂಡ ಹೆಣ್ಣುಮಗಳು. ಆಕೆಯ ಮನೆಯಲ್ಲಿ ಖೋಟಾ ಇದ್ದದ್ದು ಆ ಮುತ್ತು ಒಂದೇ. ಅವರ ದಿನಕರ್ಮ ಮುಗಿಸಿ ತವರಿಗೆ ಹೋದವಳೇ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಎದ್ದು ರುಮಾಲು ಸುತ್ತಿ, ಅಂಗಡಿಯ ಒಳ್ಳೆಯ ಶಾಲು ಒಂದು ಹೆಗಲಿಗೆ ಹಾಕಿಕೊಂಡು, ನನ್ನನ್ನೂ ಕರೆದುಕೊಂಡು ಚಾಚಾನ ಮನೆಗೆ ನಡೆದರು.

ಬಾಗಿಲಿಗೆ ಕೀಲಿ ಇತ್ತು. ಮಗಳ ಹತ್ತಿರ ಹೈದರಾಬಾದಿಗೆ ಹೋಗಿ ಎರಡು ತಿಂಗಳಾಯಿತು ಎಂದರು ಪಕ್ಕದ ಮನೆಯವರು. ಹೈದರಾಬಾದಿನಲ್ಲಿ ಎಲ್ಲಿ, ಯಾರಿಗೂ ಗೊತ್ತಿರಲಿಲ್ಲ.

"ಮಾತು ಆಡಿದ್ರ ಹೋತು..." ಎಂದರು ಅಪ್ಪ. ಆ ಗಾದೆಯ ಉಳಿದರ್ಧವನ್ನು ಅವರು ಹೇಳಲಿಲ್ಲ. ಶಾಲನ್ನು ಮಡಚಿ ಆ ಮನೆಯ ಕಟ್ಟೆಯ ಮೇಲಿಟ್ಟು, ಮತ್ತೆ ಎತ್ತಿಕೊಂಡು ಮನೆಗೆ ಬಂದರು. ಅದನ್ನು ಅವರು ಕೊನೆಯವರೆಗೂ ಮಾರಲಿಲ್ಲ.

ನನ್ನ ಸಂಸಾರ, ನಾಲ್ಕು ಮಕ್ಕಳು, ಎಲ್ಲ ಚಾಚಾ ಬೆರಳು ಅದ್ದದೆ ಹೋದ ಆ ಒಂದು ಗಳಿಗೆಯ ಪುಣ್ಯ. ಎದುರಿಗೆ ನಿಂತು ಹೇಳಲಿಲ್ಲ ಎಂಬ ನೋವು ಮಾತ್ರ ಹಾಗೇ ಇದೆ.

ಮೊನ್ನೆ ಮೊಮ್ಮಗಳು ನತ್ತು ಹಿಡಿದು, "ಅಜ್ಜಿ, ಇವು ಖರೇ ಮುತ್ತೇನು?" ಎಂದಳು.

"ಹಲ್ಲಿಗೆ ತಿಕ್ಕಿ ನೋಡವಾ, ನಡುವಿಂದು" ಎಂದೆ.

ತಿಕ್ಕಿದಳು. "ಕರಕರ ಅಂತದ" ಎಂದು ನಕ್ಕಳು.

ಅನ್ನಲೇಬೇಕು. ಒಬ್ಬ ಮನುಷ್ಯ ತನ್ನ ಮಾನ ಕೊಟ್ಟು ನಮಗೆ ಉಳಿಸಿಹೋದ ಮುತ್ತು ಅದು.