ಕೀವ್ ಮನೆಯಲ್ಲಿ ಉಕ್ಕಿದ ಹಾಲು

ನಿನ್ನೆ ಫೆಲ್ಥಮ್‌ನ ನಮ್ಮ ಹೊಸ ಫ್ಲ್ಯಾಟಿನಲ್ಲಿ ಅವ್ವ ಹಾಲು ಉಕ್ಕಿಸಿದಳು. ಸೀದ ಹೊಗೆಗೆ ಸ್ಮೋಕ್ ಅಲಾರ್ಮ್ ಬಡಿದುಕೊಳ್ಳತೊಡಗಿತು. ನೆನಪಿನಲ್ಲಿ ನಾನು ಮಾತ್ರ ಚಿಕ್ಕಂದಿನ ಕೀವ್‌ನಲ್ಲಿದ್ದೆ.

ಅಪ್ಪ ಡಾಕ್ಟರಿಕೆ ಓದುತ್ತಿದ್ದ ಆ ಊರಲ್ಲಿ ನಮಗೆ ಆಗಷ್ಟೇ ಸ್ವಂತ ಕೋಣೆ ಸಿಕ್ಕಿತ್ತು. ಧಾರವಾಡದ ಅವ್ವ, ಹೊಸ ಮನೆ ಅಂದಮೇಲೆ ಹಾಲು ಉಕ್ಕಿಸದೆ ಬಿಡುತ್ತಾಳೆಯೇ? ಎನಾಮಲ್ ಪಾತ್ರೆಯ ನೀಲಿ ಅಂಚು ದಾಟಿ ಹಾಲು ಇಳಿಯಿತು. ದೇವರಿಗೆ ತೋರಿಸಿ, "ಪ್ರಸಾದ ಅದ, ಒಂದ ಹನಿ ಬಿಡಬ್ಯಾಡ" ಅಂತ ಪೂರ್ತಿ ಲೋಟ ನನಗೊಬ್ಬಳಿಗೇ ಕೊಟ್ಟಳು. ತಾನು ಕುಡಿಯಲಿಲ್ಲ.

ಕೆಲವು ದಿನಗಳಾದ ಮೇಲೆ ಅಪ್ಪ ಓಡಿಬಂದು ಕಿಟಕಿಗಳನ್ನೆಲ್ಲ ಮುಚ್ಚಿದ. ದೂರದ ಅಣುಸ್ಥಾವರ ಯಾವಾಗಲೋ ಹೊತ್ತಿಕೊಂಡಿತ್ತಂತೆ. ಅದರ ವಿಕಿರಣ ಹಾಲಿಗೂ ಇಳಿದಿರುತ್ತದೆ, ಮಕ್ಕಳಿಗೆ ಹಾಲು ಕೊಡಬಾರದಂತೆ.

ಈಗ ನನ್ನ ಕತ್ತಿನಲ್ಲಿ ಥೈರಾಯ್ಡ್ ಗ್ರಂಥಿ ತೆಗೆದ ಗೀರಿದೆ. ಆ ಹಾಲಿನಿಂದಲೇ ಹೀಗಾಯಿತಾ ಅಂತ ಇಲ್ಲಿಯ ಡಾಕ್ಟರನ್ನು ಕೇಳಿದೆ. "ಇರಬಹುದು, ಇಲ್ಲದೆಯೂ ಇರಬಹುದು" ಅಂದರು. ಇದೂ ಒಂದು ಉತ್ತರವೇ? ಸ್ಥಾವರದ ಬೆಂಕಿಗೆ ಮೊದಲು ಕರೆದ ಹಾಲೋ, ಆಮೇಲಿನದೋ, ಯಾರಿಗೂ ಗೊತ್ತಿಲ್ಲ. ಯಾರ ಮೇಲೆ ಸಿಟ್ಟು ಮಾಡಲಿ? ಆ ಹಾಲಿನ ಸಿಹಿ ನೆನಪಾದರೆ ಇವತ್ತಿಗೂ ಬಾಯಲ್ಲಿ ನೀರೂರುತ್ತದೆ, ಅದಕ್ಕೇನು ಹೇಳಲಿ?

ನಿನ್ನೆ ಅಲಾರ್ಮ್ ನಿಂತಮೇಲೆ, "ಅವ್ವಾ, ನನಗೂ ಪ್ರಸಾದ ಕೊಡು" ಅಂದೆ.

ಅವ್ವ ಲೋಟಕ್ಕೆ ಹಾಲು ಬಗ್ಗಿಸಿದಳು. ಎಂಜಲು ಅಂದರೆ ಮಾರು ದೂರ ಸರಿಯುವ ನನ್ನವ್ವ, ದೇವರಿಗೂ ತೋರಿಸದೆ ಅರ್ಧ ಲೋಟ ಮೊದಲು ತಾನೇ ಕುಡಿದಳು. ಆಮೇಲೆ ಉಳಿದದ್ದನ್ನು ನನ್ನ ಕೈಗಿಟ್ಟಳು.